ತಾಳೆ ನೋಡುವ ಬುದ್ಧಿ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಿಗೆ ಕಂಡುದನ್ನು ಕೂಡ ಒಡನೆಯೇ ನಂಬಬೇಡ, ಒರೆಗೆ ಹಚ್ಚಿ ನೋಡು ಎಂದು ಇದರ ತಾತ್ಪರ್ಯ. ಕಳೆದ ಸಂಚಿಕೆಯಲ್ಲಿ ಮಕ್ಕಳ ಕೈಬರಹವನ್ನು ಕುರಿತು ನಾಲ್ಕು ಮಾತು ಬರೆದಿದ್ದೆವು. ಈ ಸಲ ಬೇರೊಂದು ಬರಹದ ವಿಷಯ. ಅದು ಗಣಕಯಂತ್ರದೊಳಗಿನ ಲೆಕ್ಕದ ಬರಹ. ಕೌಮುದಿಯನ್ನು ಓದಿ, ಮೂವತ್ತು ವರ್ಷ ಮಕ್ಕಳಿಗೆ ವಿಭಕ್ತಿಪ್ರತ್ಯಯಗಳನ್ನು ಹೇಳಿಕೊಟ್ಟು ಮನೆಗೆ ಬಂದು ಕುಳಿತಿರುವ ನಮಗೆ ಈ ಗೊಡವೆಯೇಕೆಂದು ವಾಚಕರು ನಗಬಹುದು. ಆದರೆ ಇಂದು ದಿನಸಿ ಅಂಗಡಿ, ಸಹಕಾರ ಸಂಘ, ದೇವಸ್ಥಾನದ ಹುಂಡಿ, ಮಹಿಳಾ ಸಂಘದ ಚೀಟಿ, ಎಲ್ಲದರ ಜಮಾಖರ್ಚೂ ಯಂತ್ರವನ್ನು ಸೇರಿರುವುದು. ಇವುಗಳಲ್ಲೊಂದರ ಹೊಣೆ ಹೊತ್ತವರು ಯಾರೂ ಇಲ್ಲದ ಮನೆ ಅಪರೂಪ. ಆದುದರಿಂದ ಇದು ಗೃಹಸ್ಥರ ವಿಷಯವೇ ಸರಿ.

ನಾವು ಇರುವುದು ಊರಿಗಾಮಿನಲ್ಲಿ, ಎಂದರೆ ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಯು ಮುಚ್ಚಿದ ಮೇಲೆ ಇಲ್ಲಿಯ ಯುವಕ ಯುವತಿಯರಲ್ಲಿ ಬಹುಮಂದಿ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿಯ ರೈಲಿನಲ್ಲಿ ಹಿಂದಿರುಗುತ್ತಾರೆ. ಹೀಗಿರುವಲ್ಲಿ ಊರೊಳಗೇ ದೊರೆತ ಒಂದು ಉದ್ಯೋಗವು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ದಿನಸಿ ಅಂಗಡಿಯನ್ನಿಟ್ಟಿರುವ ನಮ್ಮ ಹಳೆಯ ಶಿಷ್ಯನೊಬ್ಬನಲ್ಲಿ ಅಂತಹ ಉದ್ಯೋಗದಲ್ಲಿ ಒಬ್ಬ ಹುಡುಗಿಯಿದ್ದಾಳೆ. ಆಕೆಯ ತಾತನೂ ತಂದೆಯೂ ಗಣಿಯಲ್ಲಿ ದುಡಿದವರು. ಯಂತ್ರದ ಮುಂದೆ ಕುಳಿತು ಬಿಲ್ಲು ಬರೆಯುವುದು, ಸಂಜೆ ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸಿ ಒಪ್ಪಿಸುವುದು ಆಕೆಯ ಕೆಲಸ.

ಒಂದು ಶನಿವಾರ ರಾತ್ರಿ ಶಿಷ್ಯನು ನಮ್ಮ ಮನೆಗೆ ಬಂದನು. ಮುಖ ಸಪ್ಪಗಿತ್ತು.

"ಮೇಷ್ಟ್ರೇ, ಪೆಟ್ಟಿಗೆಯಲ್ಲಿ ನಾಲ್ಕೂವರೆ ಸಾವಿರ ಕಡಮೆ ಬಂದಿದೆ. ಆ ಹುಡುಗಿಯನ್ನು ಕೇಳಿದರೆ ಅಳುತ್ತಾಳೆ. ಸೋಮವಾರದಿಂದ ಬರಬೇಡವೆನ್ನೋಣ ಅಂತಿದ್ದೇನೆ."

"ಕಡಮೆಯಿದೆಯೆಂದು ಹೇಳಿದವರು ಯಾರು?"

"ಕಂಪ್ಯೂಟರೇ ಹೇಳುತ್ತದೆ. ಅದು ಸುಳ್ಳು ಹೇಳುತ್ತದೆಯೇ, ಮೇಷ್ಟ್ರೇ?"

ಈ ಕೊನೆಯ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ನಮ್ಮ ನೈಯಾಯಿಕರು ಪ್ರಮಾಣಗಳನ್ನು ನಾಲ್ಕಾಗಿ ಎಣಿಸಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಪೆಟ್ಟಿಗೆಯ ನೋಟುಗಳನ್ನು ಕೈಯಿಂದ ಎಣಿಸಿದರೆ ಅದು ಪ್ರತ್ಯಕ್ಷ. ಯಂತ್ರದ ಪರದೆಯ ಮೇಲೆ ಹೊಳೆಯುವ ಅಂಕಿಯೋ? ಕಣ್ಣಿಗೆ ಕಾಣುವುದರಿಂದ ಅದೂ ಪ್ರತ್ಯಕ್ಷವೆಂದು ನಾವು ಮೋಸಹೋಗುತ್ತೇವೆ. ವಾಸ್ತವವಾಗಿ ಅದು ಶಬ್ದ, ಎಂದರೆ ಒಬ್ಬರು ಹೇಳಿದ ಮಾತು. ಆಪ್ತನ ಮಾತು ಮಾತ್ರವೇ ಪ್ರಮಾಣವೆಂದು ಶಾಸ್ತ್ರಕಾರರ ನಿಬಂಧನೆ. ಯಂತ್ರವು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಸತ್ಯವೂ ಅದಕ್ಕೆ ತಿಳಿಯದು. ತನ್ನಲ್ಲಿ ಉಳಿದಿರುವುದನ್ನು ಒಪ್ಪಿಸುವುದಷ್ಟೇ ಅದಕ್ಕೆ ಗೊತ್ತು. ಹಾಗೆ ಉಳಿದದ್ದು ಅಖಂಡವೋ, ಮುಕ್ಕಾಗಿದೆಯೋ ಎಂಬುದನ್ನು ನಾವು ನೋಡಿಕೊಳ್ಳಬೇಕು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದೆವು. ಆ ಹುಡುಗಿಯನ್ನೂ ಕರೆಸಿದ್ದೆವು. ಮೊದಲು ನಾವು ಹಳೆಯ ಗುಮಾಸ್ತರ ಉಪಾಯವೊಂದನ್ನು ಹೂಡಿದೆವು. ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸವು ಯಾವಾಗಲೂ ಒಂಬತ್ತರಿಂದ ಭಾಗವಾಗುವುದು. 72 ಎಂದು ಬರೆಯಬೇಕಾದಲ್ಲಿ 27 ಎಂದು ಬರೆದರೆ ವ್ಯತ್ಯಾಸ 45. ಅದು ಒಂಬತ್ತರ ಐದು ಪಾಲು. ಒಂಬತ್ತನ್ನು ಕಳೆದು ಲೆಕ್ಕವನ್ನು ಪರೀಕ್ಷಿಸುವ ಕ್ರಮವು ಎರಡನೆಯ ಆರ್ಯಭಟನ ಮಹಾಸಿದ್ಧಾಂತದಲ್ಲಿಯೇ ಇರುವಷ್ಟು ಹಳೆಯದು. ನಾಲ್ಕೂವರೆ ಸಾವಿರವೂ ಒಂಬತ್ತರಿಂದ ಭಾಗವಾಗುತ್ತದೆ. ಸರಿ, 2,700 ಬರೆಯುವಲ್ಲಿ ಎಲ್ಲಿಯೋ ಈಕೆ 7,200 ಬರೆದಿರಬೇಕೆಂದು ನಿಶ್ಚಯಿಸಿ, ಆಕೆ ಬರೆದ ಬಿಲ್ಲುಗಳನ್ನೆಲ್ಲ ಒಂದು ಗಂಟೆಯ ಕಾಲ ಜಾಲಾಡಿದೆವು. ಅಂತಹ ಬಿಲ್ಲು ಒಂದೂ ಸಿಕ್ಕಲಿಲ್ಲ. ಉಪಾಯವು ಎಲ್ಲಿ ಹುಡುಕಬಹುದೆಂಬುದಕ್ಕೆ ಕೈಮರವೇ ಹೊರತು ತಪ್ಪು ಇಂಥವರದೆಂಬುದಕ್ಕೆ ಸಾಕ್ಷಿಯಲ್ಲ. ಇಷ್ಟು ತಿಳಿಯಲು ನಮಗೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆ ಮಗು ತಲೆ ತಗ್ಗಿಸಿಕೊಂಡು ನಿಂತಿದ್ದಿತು. ಇದನ್ನು ಇಲ್ಲಿ ಒಪ್ಪಿಕೊಳ್ಳುವುದು ನಮ್ಮ ಧರ್ಮ.

ಬಳಿಕ ಶಿಷ್ಯನು ತಂತ್ರಾಂಶದೊಳಗೇ ಇರುವ ಪರೀಕ್ಷೆಯ ಗುಂಡಿಯನ್ನು ಒತ್ತಿದನು. ಯಂತ್ರವು ಕ್ಷಣಕಾಲ ಯೋಚಿಸಿದಂತೆ ಮಾಡಿ, ದೋಷವಿಲ್ಲವೆಂದು ತೋರಿಸಿತು. "ನೋಡಿದಿರಾ ಮೇಷ್ಟ್ರೇ!" ಎಂದನು ಅವನು.

ಆಗ ಹುಡುಗಿಯು ಮೆಲ್ಲಗೆ, "ಸಾರ್, ಬುಧವಾರ ಕರೆಂಟು ಹೋದಾಗ ಬಿಲ್ ನಂಬರು ಒಂದು ಹಾರಿತ್ತು. ಅವತ್ತೇ ಅಣ್ಣನಿಗೆ ಹೇಳಿದೆ" ಎಂದಳು. ಅಣ್ಣನು ಗಿರಾಕಿಗಳ ಗಲಾಟೆಯಲ್ಲಿ ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಯಂತ್ರದ ಮಾತು ಒಂದು ಶಬ್ದವಾದರೆ ಈಕೆಯ ಮಾತೂ ಒಂದು ಶಬ್ದ. ಒಂದನ್ನು ಪ್ರಮಾಣವೆಂದು ತಲೆಯ ಮೇಲೆ ಹೊತ್ತು, ಇನ್ನೊಂದನ್ನು ಕೇಳಲೂ ಇಲ್ಲ!

ನೋಡಿದರೆ ಬುಧವಾರದ ಪಟ್ಟಿಯಲ್ಲಿ 1,284ರ ಬಿಲ್ಲಾದ ಮೇಲೆ 1,286. ನಡುವಣ 1,285 ಕಾಣೆ. ತಂತ್ರಾಂಶವನ್ನು ಮಾರಿದವರ ಕಡೆಯ ಯುವಕನೊಬ್ಬನನ್ನು ದೂರವಾಣಿಯಲ್ಲಿ ಕರೆದೆವು. ಅವನು ಲೆಕ್ಕದ ಒಂದು ಪ್ರತಿಯನ್ನು ತರಿಸಿಕೊಂಡು ಒಳಹೊಕ್ಕು ನೋಡಿ ಹೇಳಿದ ಸಂಗತಿ ಹೀಗಿದೆ. ಯಂತ್ರದಲ್ಲಿ ಬಿಲ್ಲೊಂದು ಎರಡು ಕಡೆ ಬರೆಯಲ್ಪಡುತ್ತದೆ. ಸಂಖ್ಯೆ, ತಾರೀಖು, ಒಟ್ಟು ಹಣ ಇವು ಒಂದು ಕೋಷ್ಟಕದಲ್ಲಿ, ಇದನ್ನು ತಲೆಯೆನ್ನೋಣ. ಯಾವ ಸಾಮಾನು, ಎಷ್ಟು, ಏನು ದರ ಎಂಬುದು ಮತ್ತೊಂದು ಕೋಷ್ಟಕದಲ್ಲಿ, ಇದು ದೇಹ. ತಲೆಯನ್ನು ನೋಡಿ ನಗದು ಖಾತೆಯ ಶಿಲ್ಕು ಏರುತ್ತದೆ. ದೇಹವನ್ನು ನೋಡಿ ಉಗ್ರಾಣದ ದಾಸ್ತಾನು ಇಳಿಯುತ್ತದೆ. ಬುಧವಾರ ಸಂಜೆ ಒಬ್ಬರು ಮೂರು ಮೂಟೆ ಅಕ್ಕಿ ಕೊಂಡರು. ಮೂಟೆಗೆ 1,500ರಂತೆ 4,500 ರೂಪಾಯಿ. ತಲೆಯನ್ನು ಬರೆದು ಮುಗಿಸಿ, ದೇಹವನ್ನು ಬರೆಯುವಷ್ಟರಲ್ಲಿ ವಿದ್ಯುತ್ತು ಹೋಯಿತು. ಯಂತ್ರಕ್ಕೆ ಆಸರೆಯಾಗಬೇಕಾದ ಬ್ಯಾಟರಿಯೂ ಸತ್ತಿತ್ತು. ದೀಪ ಬಂದ ಮೇಲೆ, ಬಿಲ್ಲು ಅಚ್ಚಾಗದಿದ್ದುದರಿಂದ ಆಕೆ ಅದನ್ನೇ 1,286 ಎಂದು ಹೊಸದಾಗಿ ಬರೆದು ಹಣ ಪಡೆದಳು. ಹಣ ಬಂದದ್ದು ಒಂದು ಸಲ. ಶಿಲ್ಕು ಏರಿದ್ದು ಎರಡು ಸಲ. ದೇಹವಿಲ್ಲದ ತಲೆಯು ದಿನದ ಪಟ್ಟಿಯಲ್ಲಿ ಕಾಣಿಸಿಕೊಳ್ಳದೆ ಒಟ್ಟು ಮೊತ್ತದಲ್ಲಿ ಮಾತ್ರ ಅಡಗಿ ಕುಳಿತಿತ್ತು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವುದನ್ನು ಕೇಳಿದ್ದೇವೆ. ಇದು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇದೂ ಆ ಯುವಕನ ಮಾತೇ ಅಲ್ಲವೇ? ಅದನ್ನೂ ತಾಳೆ ನೋಡಿದೆವು. ಅಕ್ಕಿ ಎರಡು ಸಲ ಮಾರಾಟವಾಗಿದ್ದರೆ ಉಗ್ರಾಣದಲ್ಲಿ 34 ಮೂಟೆಯಿರಬೇಕು. ಒಂದೇ ಸಲವಾಗಿದ್ದರೆ 37. ಶಿಷ್ಯನೇ ಹೋಗಿ ಎಣಿಸಿ ಬಂದನು. 37 ಇದ್ದವು. ಮೂಟೆಗಳಿಗೆ ಯಾರ ದಾಕ್ಷಿಣ್ಯವೂ ಇಲ್ಲವಷ್ಟೆ.

ಶಿಷ್ಯನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಆಕೆಯ ಮುಖವನ್ನು ನೋಡದೆ, "ನಾಳೆ ಬೇಗ ಬಾಮ್ಮ" ಎಂದನು. ನಮಗೆ ಅದು ಸಾಲದೆಂದು ತೋರಿತು. "ಅಪ್ಪಾ, ಸಂದೇಹವನ್ನು ಆಡಿದ್ದು ಆಳುಕಾಳುಗಳೆಲ್ಲರ ಮುಂದೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಅವರ ಮುಂದೆಯೇ ಆಗಲಿ" ಎಂದೆವು. ಅವನು ಸೋಮವಾರ ಬೆಳಿಗ್ಗೆ ಹಾಗೆಯೇ ಮಾಡಿದನೆಂದು ಕೇಳಿ ಸಂತೋಷಪಟ್ಟೆವು.

ಒಂದು ಅಂಗಡಿಯ ಈ ಸಂಗತಿಯನ್ನು ಇಷ್ಟು ವಿಸ್ತರಿಸುವುದೇಕೆಂದರೆ, ಇದೇ ರೋಗವು ಒಂದು ದೊಡ್ಡ ದೇಶದಲ್ಲಿ ಮಹಾಮಾರಿಯಾಗಿ ಹಬ್ಬಿದುದುಂಟು. ಇಂಗ್ಲೆಂಡಿನ ಅಂಚೆ ಇಲಾಖೆಯು 1999ನೆಯ ಇಸವಿಯಿಂದ ತನ್ನ ಶಾಖೆಗಳಲ್ಲಿ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶವನ್ನು ಜಾರಿಗೆ ತಂದಿತು. ಫುಜಿತ್ಸು ಕಂಪನಿಯವರು ಅದನ್ನು ನಡೆಸುತ್ತಿದ್ದರು. ಊರೂರಿನ ಉಪ ಅಂಚೆ ಅಧಿಕಾರಿಗಳ ಪೆಟ್ಟಿಗೆಯಲ್ಲಿ ಹಣ ಕಡಮೆಯೆಂದು ಅದು ತೋರಿಸತೊಡಗಿತು. ಆ ಜನರು "ನಾವು ಮುಟ್ಟಿಲ್ಲ" ಎಂದು ಗೋಗರೆದರೂ ಕೇಳುವವರಿಲ್ಲ. ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿತ್ತೆಂದೇ ಮೊದಲು ಭಾವಿಸತಕ್ಕದ್ದೆಂಬ ನಿಯಮವು ಅಲ್ಲಿಯ ನ್ಯಾಯಾಲಯಗಳಲ್ಲಿತ್ತು. 2015ರ ವರೆಗೆ ಒಂಬೈನೂರಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆಗೆ ಹೋದರು. ಕೆಲವರು ಮನೆಮಠ ಮಾರಿ ಇಲ್ಲದ ಕೊರತೆಯನ್ನು ತುಂಬಿಕೊಟ್ಟರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅಲನ್ ಬೇಟ್ಸ್ ಎಂಬವರ ಮುಂದಾಳ್ತನದಲ್ಲಿ 555 ಮಂದಿ ಹೂಡಿದ ವ್ಯಾಜ್ಯದಲ್ಲಿ, ಆ ತಂತ್ರಾಂಶದಲ್ಲಿ ದೋಷಗಳಿದ್ದುವೆಂದು ಉಚ್ಚ ನ್ಯಾಯಾಲಯವು 2019ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2024ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆಯನ್ನೇ ಮಾಡಿ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ರದ್ದುಪಡಿಸಿತು. ಕಾಲು ಶತಮಾನ ಕಳೆದ ಮೇಲೆ ಬಂದ ನ್ಯಾಯ! ಮೊದಲ ವರ್ಷವೇ ಯಾರಾದರೊಬ್ಬರು ತಾಳ್ಮೆಯಿಂದ ತಾಳೆ ನೋಡಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ?

ಹಾಗಾದರೆ ತಾಳೆ ನೋಡುವುದು ಹೇಗೆ? ಇದರಲ್ಲಿ ಎರಡು ಬಗೆಯುಂಟು. ಎರಡನ್ನೂ ಬೇರೆಬೇರೆಯಾಗಿ ತಿಳಿಯತಕ್ಕದ್ದು.

ಮೊದಲನೆಯದು ಬರಹವು ಅಖಂಡವಾಗಿದೆಯೇ ಎಂಬ ಒಳಗಣ ಪರೀಕ್ಷೆ. ನಮ್ಮ ವೇದಪಾಠಕರು ಇದರಲ್ಲಿ ನಿಪುಣರು. ಬರಹದ ಆಸರೆಯಿಲ್ಲದೆ ಸಾವಿರಾರು ಮಂತ್ರಗಳನ್ನು ಅಕ್ಷರ ತಪ್ಪದೆ ಉಳಿಸಬೇಕಾಗಿದ್ದುದರಿಂದ, ಸಂಹಿತೆಯ ಜೊತೆಗೆ ಪದಪಾಠ, ಕ್ರಮಪಾಠ, ಜಟಾ, ಘನ ಮೊದಲಾದ ಪಾಠಗಳನ್ನು ಕಲ್ಪಿಸಿದರು. ಜಟೆಯಲ್ಲಿ ಮೊದಲ ಎರಡು ಪದಗಳನ್ನು ಒಂದು ಎರಡು, ಎರಡು ಒಂದು, ಒಂದು ಎರಡು ಎಂದು ಹಿಂದುಮುಂದಾಗಿ ಹೆಣೆದು ಹೇಳುವರು. ಒಂದು ಪದ ಜಾರಿದರೆ ಹೆಣಿಗೆಯೇ ಬಿಚ್ಚಿಹೋಗಿ ತಪ್ಪು ಬಯಲಾಗುವುದು. ಇದಲ್ಲದೆ ಕಾತ್ಯಾಯನನ ಸರ್ವಾನುಕ್ರಮಣಿಯಲ್ಲಿ ಋಗ್ವೇದದ ಒಂದೊಂದು ಸೂಕ್ತಕ್ಕೂ ಋಕ್ಕುಗಳೆಷ್ಟೆಂಬ ಎಣಿಕೆಯಿದೆ. ಯಂತ್ರದ ಕಡತಗಳಲ್ಲಿಯೂ ಇದೇ ಜಾಡು. ಪುಟದ ಜೊತೆಗೆ ಆ ಪುಟದ ಅಂಕಿಗಳಿಂದಲೇ ಗುಣಿಸಿ ತೆಗೆದ ಒಂದು ಸಂಖ್ಯೆಯನ್ನು ಬರೆದಿಡುವರು. ಮತ್ತೆ ಓದುವಾಗ ಆ ಸಂಖ್ಯೆ ಕೂಡಿಬರದಿದ್ದರೆ ಪುಟ ಕೆಟ್ಟಿತೆಂದು ತಿಳಿಯುವುದು. ನಮ್ಮೆಲ್ಲರ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯೂ ಇಂತಹ ಕಾವಲುಗಾರನೇ. ವೆರ್‌ಹೂಫ್ ಎಂಬ ಡಚ್ ಗಣಿತಜ್ಞನು 1969ರಲ್ಲಿ ಪ್ರಕಟಿಸಿದ ಆ ಕ್ರಮದಿಂದ, ಒಂದು ಅಂಕಿ ತಪ್ಪಾದರೂ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಗೊತ್ತಾಗಿಬಿಡುವುದು.

ಆದರೆ ಒಳಗಣ ಪರೀಕ್ಷೆಗೆ ಮಿತಿಯುಂಟು. ನಮ್ಮ ಕೈಯ ದೂರವಾಣಿಗಳಲ್ಲಿ ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ಎಂಬ ದತ್ತಾಂಶದ ಕಣಜವನ್ನೇ ನೋಡಿ: ಪುಟಗಳು ಹರಿಯದೆ ಇವೆಯೇ ಎಂದು ಕೇಳಲು ಒಂದು ಆಜ್ಞೆ, ದೇಹಕ್ಕೆ ತಕ್ಕ ತಲೆಯಿದೆಯೇ ಎಂದು ಕೇಳಲು ಬೇರೊಂದು ಆಜ್ಞೆ. ಮೊದಲನೆಯದನ್ನು ಕೇಳಿ ಸುಮ್ಮನಾದವನಿಗೆ ಎರಡನೆಯ ತಪ್ಪು ಕಾಣದು. ತಲೆಯಿದ್ದು ದೇಹವಿಲ್ಲದಿದ್ದರಂತೂ, ಅದನ್ನು ನಾವಾಗಿಯೇ ಬೇರೆ ಕೇಳಬೇಕು. ನಮ್ಮ ಶಿಷ್ಯನ ಯಂತ್ರವು ದೋಷವಿಲ್ಲವೆಂದದ್ದು ಹೀಗೆ. ಹರಿಯದ ಪುಟದ ಮೇಲೆ ತಪ್ಪು ಲೆಕ್ಕವಿರಬಾರದೆಂದೇನೂ ಇಲ್ಲವಲ್ಲ! ಚೆನ್ನಾಗಿ ಕಟ್ಟಿದ ತಂತ್ರಾಂಶಗಳಲ್ಲಿ ಇದಕ್ಕೂ ಒಂದು ಕಟ್ಟುಪಾಡಿದೆ. ಮಾಡಲಿರುವ ಕೆಲಸವನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು, ತಲೆ ದೇಹ ಎರಡೂ ಪೂರ್ತಿಯಾದರೆ ಮಾತ್ರ ಬಿಲ್ಲು ಆಯಿತೆಂದು ಎಣಿಸುವುದು. ನಡುವೆ ವಿದ್ಯುತ್ತು ಹೋದರೆ ಅರೆಬರೆಯನ್ನು ಅಳಿಸಿಬಿಡುವುದು. ಆ ಅಂಗಡಿಯ ಹಳೆಯ ತಂತ್ರಾಂಶಕ್ಕೆ ಈ ಸಂಸ್ಕಾರವಿರಲಿಲ್ಲ.

ಎರಡನೆಯ ಬಗೆಯೇ ಮುಖ್ಯ. ಅದು ಹೊರಗಣ ಸಾಕ್ಷಿಯೊಡನೆ ಹೋಲಿಸುವುದು. ಚಿನ್ನದ ಗಿರಣಿಗಳಲ್ಲಿ ಇದು ನಿತ್ಯದ ಪದ್ಧತಿ. ಒಳಕ್ಕೆ ಹೋದ ಅದಿರಿನಲ್ಲಿ ಎಷ್ಟು ಚಿನ್ನವಿದೆಯೆಂದು ಮಾದರಿ ತೆಗೆದು ಪರೀಕ್ಷಿಸುವರು. ಗಟ್ಟಿಯಾಗಿ ಹೊರಬಂದ ಚಿನ್ನವನ್ನು ತೂಗುವರು. ಹೊರಚೆಲ್ಲಿದ ಪುಡಿಯಲ್ಲಿ ಉಳಿದುದನ್ನೂ ಪರೀಕ್ಷಿಸುವರು. ಕೊನೆಯ ಎರಡು ಕೂಡಿ ಮೊದಲನೆಯದಕ್ಕೆ ಸಮವಾಗಬೇಕು. ನಮ್ಮೂರಿನಲ್ಲಿ ಇಂದಿಗೂ ನಿಂತಿರುವ ಸೈನೈಡು ದಿಬ್ಬಗಳು ಮಣ್ಣಿನ ರಾಶಿಯಷ್ಟೇ ಅಲ್ಲ. ಲೆಕ್ಕದ ಮೂರನೆಯ ಕಾಲೂ ಹೌದು. ಇಂಗ್ಲಿಷಿನ ಟ್ಯಾಲಿ ಎಂಬ ಮಾತಿನ ಮೂಲಾರ್ಥವು ಕಡ್ಡಿಯೆಂದು. ಸಾಲದ ಮೊತ್ತವನ್ನು ಕಡ್ಡಿಯ ಮೇಲೆ ಗೀರಿ, ಕಡ್ಡಿಯನ್ನು ಉದ್ದಕ್ಕೆ ಸೀಳಿ, ಕೊಟ್ಟವನೊಂದು ಹೋಳನ್ನೂ ಪಡೆದವನೊಂದು ಹೋಳನ್ನೂ ಇಟ್ಟುಕೊಳ್ಳುತ್ತಿದ್ದರು. ಎರಡನ್ನೂ ಜೋಡಿಸಿದಾಗ ಗೀರಿಗೆ ಗೀರು ಕೂಡಿದರೆ ಲೆಕ್ಕ ಸರಿ. ಒಬ್ಬನೇ ಎರಡು ಹೋಳನ್ನೂ ಇಟ್ಟುಕೊಂಡರೆ ಅದು ಬರಿಯ ಕಡ್ಡಿ. ಯಂತ್ರದ ಲೆಕ್ಕಕ್ಕೂ ಇನ್ನೊಂದು ಹೋಳು ಯಂತ್ರದ ಹೊರಗಿರಬೇಕು: ಬ್ಯಾಂಕಿನ ಪಾಸುಪುಸ್ತಕ, ಗಿರಾಕಿಯ ಕೈಯ ಬಿಲ್ಲು, ಎಣಿಸಿದ ನೋಟು, ಉಗ್ರಾಣದ ಮೂಟೆ.

ಲೆಕ್ಕದ ಹೊಣೆಯಿರುವ ಗೃಹಸ್ಥರಿಗೂ ಗೃಹಿಣಿಯರಿಗೂ ಇಷ್ಟನ್ನು ಅರಿಕೆ ಮಾಡುವೆವು.

ಪರೀಕ್ಷೆಗೆ ಮೊದಲು ಲೆಕ್ಕದ ಪೂರ್ಣ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಡಿ. ಇರುವ ಒಂದೇ ಪ್ರತಿಯ ಮೇಲೆ ಚಿಕಿತ್ಸೆ ಬೇಡ. 1986ರಲ್ಲಿ ಗೋಯೆಂಕಾ ತಂದೆಮಕ್ಕಳು ಆರಂಭಿಸಿದ ಬೆಂಗಳೂರಿನ ಸಂಸ್ಥೆಯ ಟ್ಯಾಲಿ ಎಂಬ ತಂತ್ರಾಂಶವು ಇಂದು ನಮ್ಮ ಅಂಗಡಿಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಮೇಲೆ ಹೇಳಿದ ಅಂಗಡಿಯಲ್ಲಿದ್ದುದು ಅದಲ್ಲ. ಕೆಟ್ಟ ಲೆಕ್ಕವನ್ನು ದುರಸ್ತಿ ಮಾಡುವ ಅನುಕೂಲವು ಅದರೊಳಗೇ ಇದೆ. ಆದರೂ ಮೊದಲು ಪ್ರತಿ ತೆಗೆದುಕೊಳ್ಳಿರೆಂದು ಅದನ್ನು ಮಾಡಿದವರೇ ಹೇಳುತ್ತಾರೆ. ದುರಸ್ತಿಯೆಂಬ ಮಾತಿಗೆ ಮರುಳಾಗಬೇಡಿ. ಮೈಕ್ರೋಸಾಫ್ಟಿನವರ ಎಸ್‌ಕ್ಯೂಎಲ್ ಸರ್ವರಿನಲ್ಲಿರುವ ಒಂದು ದುರಸ್ತಿಯ ಹೆಸರಿನಲ್ಲಿಯೇ, ದತ್ತಾಂಶ ನಷ್ಟವಾದರೂ ಆಗಲಿ ಎಂಬ ಒಪ್ಪಿಗೆಯಿದೆ. ಕೆಟ್ಟ ಪುಟವನ್ನು ಕಿತ್ತೆಸೆದರೆ ಪುಸ್ತಕವು ಓರಣವಾಗಿ ಕಾಣುವುದು. ಆ ಪುಟದಲ್ಲಿದ್ದುದು ಮಾತ್ರ ಹೋಯಿತು.

ವಾರಕ್ಕೊಮ್ಮೆ ಮೂರು ಪ್ರಶ್ನೆಗಳನ್ನು ಕೇಳಿ. ಬಿಲ್ಲಿನ ಸಂಖ್ಯೆಗಳಲ್ಲಿ ಬಿಟ್ಟುಹೋದದ್ದಾಗಲಿ ಎರಡಾದದ್ದಾಗಲಿ ಉಂಟೇ? ಬಿಡಿಬಿಡಿಯಾಗಿ ಕೂಡಿದ ಮೊತ್ತವು ಯಂತ್ರವು ತೋರಿಸುವ ಒಟ್ಟು ಮೊತ್ತಕ್ಕೆ ಸಮವೇ? ಆ ಒಟ್ಟು ಮೊತ್ತವು ಹೊರಗಣ ಸಾಕ್ಷಿಗೆ ಸಮವೇ? ಬೇರೆಡೆ ತೆಗೆದಿಟ್ಟ ಪ್ರತಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ಓದಿ ನೋಡಿ. ಬಿಚ್ಚಿ ನೋಡದ ಪ್ರತಿಯು ಇದ್ದೂ ಇಲ್ಲದಂತೆ. ಯಾರು ಯಾವಾಗ ಏನನ್ನು ತಿದ್ದಿದರೆಂಬ ದಾಖಲೆಯನ್ನು ತಂತ್ರಾಂಶದಲ್ಲಿ ಅಳಿಸಲಾಗದಂತೆ ಇಡಬೇಕೆಂದು 2023ನೆಯ ಇಸವಿ ಏಪ್ರಿಲ್ 1ರಿಂದ ಭಾರತದ ಕಂಪನಿಗಳಿಗೆ ಕಾನೂನೇ ಇದೆ. ಸಣ್ಣ ಅಂಗಡಿಗೆ ಅದು ಕಡ್ಡಾಯವಲ್ಲವಾದರೂ ಒಳ್ಳೆಯ ಅಭ್ಯಾಸ. ತಪ್ಪು ಯಂತ್ರದ್ದೋ ಮನುಷ್ಯರದೋ ಎಂದು ವಿಂಗಡಿಸಲು ಅದು ನೆರವಾಗುವುದು. ಮನುಷ್ಯರು ತಪ್ಪು ಮಾಡುವುದೇ ಇಲ್ಲವೆಂದು ನಾವು ಹೇಳುವವರಲ್ಲ. ವಿಂಗಡಿಸುವ ಮುನ್ನ ಬೆರಳು ತೋರಿಸಬೇಡಿರೆಂದಷ್ಟೇ ನಮ್ಮ ಬಿನ್ನಹ.

1902ನೆಯ ಇಸವಿಯಲ್ಲಿ ಶಿವನಸಮುದ್ರದ ಜಲಪಾತದಿಂದ ಅಷ್ಟು ದೂರ ತಂತಿಯೆಳೆದು ವಿದ್ಯುತ್ತನ್ನು ತಂದದ್ದು ಈ ನಮ್ಮ ಗಣಿಯ ಊರಿಗೇ. ಅದೇ ಊರಿನಲ್ಲಿ ಒಂದು ಸಂಜೆ ಕೆಲವು ನಿಮಿಷ ದೀಪ ಆರಿದುದಕ್ಕೆ ಒಂದು ಹೆಣ್ಣುಮಗುವಿನ ಮಾನಕ್ಕೆ ಕುಂದು ಬರುವುದರಲ್ಲಿತ್ತು. ಹೋದ ನಾಲ್ಕೂವರೆ ಸಾವಿರವನ್ನು ಮತ್ತೆ ಸಂಪಾದಿಸಬಹುದು. ಹೋದ ಮಾನವನ್ನು ಯಾವ ಪ್ರತಿಯಿಂದ ಮರಳಿ ಬರೆಯೋಣ?

ಶಿಷ್ಯನು ಹೊಸ ಬ್ಯಾಟರಿಯನ್ನು ತಂದಿಟ್ಟಿದ್ದಾನೆ. ಆ ಹುಡುಗಿಯು ಪ್ರತಿ ಶನಿವಾರ ಸಂಜೆ ಬಿಲ್ಲಿನ ಸಂಖ್ಯೆಗಳನ್ನು ಒಂದು ನೋಟುಪುಸ್ತಕದಲ್ಲಿ ಕೈಯಿಂದ ಗುರುತು ಹಾಕಿಕೊಂಡು, ಅವನಿಂದ ರುಜು ಹಾಕಿಸಿಕೊಳ್ಳುತ್ತಾಳೆ. ಮೊನ್ನೆ ಅಂಗಡಿಗೆ ಹೋದಾಗ ಅದನ್ನು ನಮಗೆ ತೋರಿಸಿದಳು. ಅಕ್ಷರಗಳು ದುಂಡಾಗಿದ್ದವು.